ಎಣಿಸಿ ಕೊಡು, ಎಣಿಸಿ ತಗೋ



ಶ್ರಾವಣದ ಸಭೆಯಲ್ಲಿ ಪ್ರವಚನಕಾರ ರೊಕ್ಕದ ಮಾತು ಎತ್ತಿದನೆಂದರೆ ಹಿಂದಿನ ಸಾಲಿನವರು ಮೆಲ್ಲಗೆ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ, ‘ಪಟ್ಟಿ ಕೂಡಿಸಾಕ ಬಂದ್ರು’ ಅಂತ. ಗಾಬರಿ ಬೇಡ. ಇವತ್ತು ಪಟ್ಟಿ ಇಲ್ಲ. ಇವತ್ತಿನ ಮಾತು ಚಿಲ್ಲರೆಯದು. ಅಂಗಡಿಯ ಗಲ್ಲೆಯ ಮೇಲೆ ಕೂತವರ ಮುಂದೆ ದಿನಾ ಬೀಳುವ ಒಂದು, ಎರಡು, ಐದು ರೂಪಾಯಿಗಳದು. ಇಷ್ಟು ಸಣ್ಣ ಮಾತಿಗೆ ನಮ್ಮ ಹೊರ್ತಿಯ ರೇವಣಸಿದ್ಧೇಶ್ವರನ ಸನ್ನಿಧಿಯೇ ಬೇಕಾಯಿತೇ ಎಂದು ಕೇಳುವವರು ಕೇಳಲಿ. ದೊಡ್ಡ ಮೋಸಕ್ಕೆ ಪೊಲೀಸರಿದ್ದಾರೆ, ಕೋರ್ಟಿದೆ, ವಕೀಲರಿದ್ದಾರೆ. ಇನ್ನೂರು ರೂಪಾಯಿ ಹೋದವರ ಮಾತು ಕೇಳುವವರು ಯಾರು?

ಹೊರ್ತಿ ಹೆದ್ದಾರಿಯ ಊರು. ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿ, ಮೊದಲು ಅದಕ್ಕೆ 13 ಅಂತ ನಂಬರಿತ್ತು, ನಮ್ಮ ಊರಿಗೆ ಹತ್ತಿಕೊಂಡೇ ಇದೆ. ಹಗಲು ರಾತ್ರಿ ಲಾರಿ, ಬಸ್ಸು, ನಿಂಬೆಹಣ್ಣಿನ ಗಾಡಿ. ಹಾದಿಯಲ್ಲಿ ಹೋಗುವವರು ಇಳಿಯುತ್ತಾರೆ, ಚಾ ಕುಡಿಯುತ್ತಾರೆ, ನೀರಿನ ಬಾಟಲಿ ತಗೊಳ್ಳುತ್ತಾರೆ, ಹೋಗುತ್ತಾರೆ. ಇವತ್ತು ಕಂಡ ಮುಖ ನಾಳೆ ಕಾಣುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲ ಕಡೆಯ ಬಸ್‌ಸ್ಟ್ಯಾಂಡ್ ಅಂಗಡಿಗಳ ಕಥೆಯೂ ಇದೇ. ಊರೊಳಗಿನ ಕಿರಾಣಿ ಅಂಗಡಿಯಲ್ಲಿ ಮೋಸ ಮಾಡಿದವನು ಮರುದಿನ ಅದೇ ಓಣಿಯಲ್ಲಿ ಎದುರಾಗಬೇಕು. ಹಾದಿಯ ಅಂಗಡಿಯಲ್ಲಿ ಆ ಹಂಗಿಲ್ಲ.

ಮೋಸ ಹೇಗೆ ನಡೆಯುತ್ತದೆ ಎನ್ನುವುದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತೇನೆ. ಇದು ಇಂಥವರ ಅಂಗಡಿ ಎಂದು ಯಾರೂ ಹುಡುಕಬೇಡಿ. ಯಾರ ಅಂಗಡಿಯೂ ಆಗಬಹುದು.

ಮುಸ್ಸಂಜೆ. ಅಂಗಡಿಯ ಮುಂದೆ ಏಳೆಂಟು ಮಂದಿ. ಒಬ್ಬಾತ ಹಾಲಿನ ಪಾಕೀಟು ಕೇಳುತ್ತಿದ್ದಾನೆ, ಇನ್ನೊಬ್ಬ ಫೋನ್ ರಿಚಾರ್ಜ್ ಕೇಳುತ್ತಿದ್ದಾನೆ, ಸಣ್ಣ ಹುಡುಗನೊಬ್ಬ ಬರಣಿಗೆ ಬೆರಳು ತೋರಿಸಿ ನಿಂತಿದ್ದಾನೆ. ಗಲ್ಲೆಯ ಮೇಲೆ ಅಕ್ಕ ಒಬ್ಬರೇ. ಬೈಕಿನ ಮೇಲೆ ಬಂದವನೊಬ್ಬ ಎಂಜಿನ್ ಬಂದ್ ಮಾಡದೆ ಇಳಿಯುತ್ತಾನೆ.

“ಅಕ್ಕಾರ, ಚಿಲ್ಲರಿ ಬೇಕಾಗಿತ್ತೇನ್ರಿ? ಎರಡೆರಡು ರೂಪಾಯಿ ಅದಾವ.”

“ಬೇಕಲ್ಲಪ್ಪಾ, ಮುಂಜಾನಿಂದ ಚಿಲ್ಲರಿ ಚಿಲ್ಲರಿ ಅಂತ ಬಾಯಿ ಬಡ್ಕೊಳ್ಳಾಕತ್ತೀನಿ.”

“ಒಂದೊಂದು ಸುರುಳ್ಯಾಗ ಐವತ್ತು ಅದಾವ್ರಿ, ನೂರು ರೂಪಾಯಿದು. ಐದು ಸುರುಳಿ. ಎಣಿಸಿ ತಗೋರಿ.”

ಎಣಿಸಿ ತಗೋರಿ ಎಂದವನು ಅವನೇ, ನೆನಪಿಟ್ಟುಕೊಳ್ಳಿ. ಹಳೆಯ ಪತ್ರಿಕೆಯ ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಐದು ಸುರುಳಿ, ಎರಡೂ ತುದಿ ತೆರೆದಿವೆ, ತುದಿಯಲ್ಲಿ ಎರಡು ರೂಪಾಯಿ ಹೊಳೆಯುತ್ತದೆ. ಅಕ್ಕ ಒಂದನ್ನು ಕೈಯಲ್ಲಿ ಹಿಡಿದು ಭಾರ ನೋಡುತ್ತಾರೆ. ಇದೆ. ಉದ್ದ ನೋಡುತ್ತಾರೆ. ಐದೂ ಒಂದೇ ಉದ್ದ. “ಇರಲಿ ಬಿಡಪ್ಪಾ, ನೀ ಏನ್ ಸುಳ್ಳ ಹೇಳ್ತೀ” ಎಂದು ಐದುನೂರರ ನೋಟು ತೆಗೆದು ಕೊಡುತ್ತಾರೆ. ಬೈಕು ಹೋಯಿತು.

ರಾತ್ರಿ ಬಾಗಿಲು ಎಳೆದ ಮೇಲೆ ಸುರುಳಿ ಬಿಚ್ಚಿದರೆ ಈ ತುದಿಗೆ ಐದು, ಆ ತುದಿಗೆ ಐದು ಎರಡು ರೂಪಾಯಿ. ನಡುವಿನ ನಲವತ್ತೂ ಒಂದೊಂದು ರೂಪಾಯಿ. ನೂರರ ಸುರುಳಿಯಲ್ಲಿ ಅರವತ್ತು. ಐದು ಸುರುಳಿಗೆ ಮುನ್ನೂರು. ಇನ್ನೂರು ರೂಪಾಯಿ ಸೋಲಾಪುರದ ಕಡೆಗೋ ವಿಜಯಪುರದ ಕಡೆಗೋ ಹೋಗಿ ಎಷ್ಟೋ ಹೊತ್ತಾಗಿದೆ.

ಭಾರ ನೋಡಿದರೂ ತಿಳಿಯಲಿಲ್ಲವಲ್ಲ, ಅದಕ್ಕೆ ಕಾರಣವಿದೆ. ಹೆಬ್ಬೆರಳಿನ ಚಿತ್ರವಿರುವ ಒಂದು ರೂಪಾಯಿ ನಿಮಗೆಲ್ಲ ಗೊತ್ತು, 2007ರಿಂದ ಕೆಲವು ವರ್ಷ ಬಂತು. ಅದರ ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ. 2011ರಿಂದ ಬಂದ ಎರಡು ರೂಪಾಯಿ ನಾಣ್ಯದ ಅಗಲವೂ 25 ಮಿಲಿಮೀಟರ್, ತೂಕವೂ 4.85 ಗ್ರಾಂ. ಎರಡೂ ಸ್ಟೀಲು. ಐವತ್ತು ನಾಣ್ಯದ ಸುರುಳಿ ತಕ್ಕಡಿಗೆ ಹಾಕಿದರೆ ಎರಡರದೂ ಇನ್ನೂರ ನಲವತ್ತೆರಡೂವರೆ ಗ್ರಾಂ. ತಕ್ಕಡಿ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಬಿಚ್ಚಿ, ಮಗುಚಿ, ಕಣ್ಣಿನಿಂದ ನೋಡಿದರಷ್ಟೇ ತಿಳಿಯುತ್ತದೆ.

ಇದು ನಮ್ಮ ಹಾದಿಯ ಕಳ್ಳರೇ ಕಂಡುಹಿಡಿದ ವಿದ್ಯೆ ಎಂದೂ ತಿಳಿಯಬೇಡಿ. ಅಮೆರಿಕದಲ್ಲಿ ಬ್ಯಾಂಕುಗಳು ನಾಣ್ಯವನ್ನು ಕಾಗದದ ಸುರುಳಿಯಲ್ಲೇ ಕೊಡುತ್ತವೆ. ಕಾಲು ಡಾಲರಿನ ನಲವತ್ತು ನಾಣ್ಯ ಸುತ್ತಿದರೆ ಹತ್ತು ಡಾಲರಿನ ಒಂದು ಸುರುಳಿ. ಅಲ್ಲಿಯ ಅಂಗಡಿಗಳ ಹುಡುಗರೂ ತುದಿಯ ಅಸಲಿ ನಾಣ್ಯ ನೋಡಿ ತಗೊಂಡು, ನಡುವೆ ಕಬ್ಬಿಣದ ವಾಷರ್ ಕಂಡು ತಲೆ ಮೇಲೆ ಕೈ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಸುರುಳಿಗಿಂತ ಚೀಲದ ರೂಢಿ ಹೆಚ್ಚು. ಒಂದು ಎರಡು ರೂಪಾಯಿ ನಾಣ್ಯಗಳನ್ನು ತೂಕ ಮಾಡಿಯೂ ತಗೊಳ್ಳಬಹುದು, ನೂರು ನೂರರ ಪ್ಲಾಸ್ಟಿಕ್ ಚೀಲ ಮಾಡಿ ತಂದರೆ ಕೌಂಟರಿನವರಿಗೂ ಗಿರಾಕಿಗೂ ಅನುಕೂಲ ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಬ್ಯಾಂಕಿಗೆ ತಂದವನ ಖಾತೆ ಅಲ್ಲೇ ಇರುತ್ತದೆ, ನಾಣ್ಯ ಕಡಿಮೆ ಬಿದ್ದರೆ ನಾಳೆ ಕರೆದು ಕೇಳಬಹುದು. ಬೈಕಿನವನನ್ನು ಯಾವ ಖಾತೆಯಲ್ಲಿ ಹುಡುಕುವುದು?

ಈಗ ನನ್ನ ಪ್ರಶ್ನೆ. ಆ ಅಕ್ಕನಿಗೆ ಎಣಿಸಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಉದ್ರಿ ಪುಸ್ತಕದ ಬಾಕಿ ಹೇಳುವ ಹೆಣ್ಣುಮಗಳು. ಎಣಿಸಲಿಲ್ಲ ಯಾಕೆ? ಗದ್ದಲ ಇತ್ತು, ನಿಜ. ಗದ್ದಲಕ್ಕಿಂತ ದೊಡ್ಡದಾಗಿ ಇನ್ನೊಂದು ಇತ್ತು, ಮುಲಾಜು. ಎದುರಿಗೆ ನಿಂತವನು ತಾನಾಗಿ ಚಿಲ್ಲರೆ ತಂದು ಕೊಡುತ್ತಿದ್ದಾನೆ, ಅವನ ಕಣ್ಣ ಮುಂದೆಯೇ ಬಿಚ್ಚಿ ಎಣಿಸಿದರೆ ‘ನಿನ್ನ ಮ್ಯಾಲ ನನಗ ನಂಬಿಕಿ ಇಲ್ಲ’ ಅಂದ ಹಾಗಾದೀತು ಎನ್ನುವ ಸಂಕೋಚ. ಮೋಸಗಾರನಿಗೆ ಅದು ಗೊತ್ತು. ಅದಕ್ಕೇ ಅವನು ಎಣಿಸಿ ತಗೋರಿ ಎಂದು ಧೈರ್ಯವಾಗಿ ಹೇಳಿದ್ದು. ನಾಣ್ಯ ಸುತ್ತಿದ ಕಾಗದ ಅವನದು, ಬಂಡವಾಳ ಅಕ್ಕನ ಮರ್ಯಾದೆ. ಕೆಟ್ಟವರ ಕೆಟ್ಟತನದಿಂದ ನಡೆಯುವ ಮೋಸ ಕಡಿಮೆ, ಒಳ್ಳೆಯವರ ಸಂಕೋಚದಿಂದ ನಡೆಯುವ ಮೋಸವೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಡೆ ಈ ಸಂಕೋಚ ಬಹಳ ಆಳಕ್ಕೆ ಇಳಿದಿದೆ. ಬೀಗರ ಮನೆಗೆ ರೊಕ್ಕ ಕೊಟ್ಟಾಗ ಅವರು ಎಣಿಸಿದರೆ ನಮಗೆ ಮುಖ ಸಪ್ಪಗೆ. ಅಡತಿ ಅಂಗಡಿಯಲ್ಲಿ ತೊಗರಿಯ ಪಟ್ಟಿ ಕೊಟ್ಟು ನೋಟಿನ ಕಟ್ಟು ಕೈಗಿಟ್ಟರೆ ರೈತ ಅದನ್ನು ಹಾಗೇ ಅಂಗಿಯ ಒಳಗಿಸೆಗೆ ಇಳಿಸುತ್ತಾನೆ, ಎಣಿಸಿದರೆ ಸಾವುಕಾರರು ಏನಂದುಕೊಂಡಾರು ಅಂತ. ಊರ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಎಣಿಸುತ್ತಾನೆ. ಒಂದು ನೋಟು ಕಡಿಮೆ ಬಿತ್ತು ಅಂತ ಇಟ್ಟುಕೊಳ್ಳಿ. ಆಗ ಏನು ಮಾಡುವುದು? ತಿರುಗಿ ಹೋದರೆ ಜಗಳ, ಸುಮ್ಮನಿದ್ದರೆ ಹೊಟ್ಟೆಯೊಳಗೆ ಬೆಂಕಿ. ಎದುರಿಗೇ ಎಣಿಸಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಎಣಿಸದೆ ಬಂದಿದ್ದರಿಂದ ಹತ್ತು ವರ್ಷದ ವ್ಯವಹಾರದಲ್ಲಿ ಹುಳುಕು ಬಿತ್ತು. ನಂಬಿಕೆ ಉಳಿಸಲಿಕ್ಕೆಂದು ಎಣಿಸದೆ ಬಿಟ್ಟು, ನಂಬಿಕೆಯನ್ನೇ ಕಳೆದುಕೊಂಡಂತಾಯಿತು.

ಈ ಮಾತಿಗೆ ನಮ್ಮ ನೆಲದಲ್ಲೇ ಒಬ್ಬರು ದೊಡ್ಡವರಿದ್ದಾರೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು. ನಾವು ಅವರನ್ನು ಕುದುರೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತೇವೆ, ವಚನ ಹಾಡುತ್ತೇವೆ. ಆದರೆ ಅವರು ಹೊಟ್ಟೆಪಾಡಿಗೆ ಮಾಡಿದ ಕೆಲಸ ಯಾವುದು ಎಂಬುದನ್ನು ಮರೆತೇ ಬಿಟ್ಟಿದ್ದೇವೆ. ಅವರು ಲೆಕ್ಕ ಬರೆದವರು, ಗಲ್ಲೆ ಕಾದವರು. ಹರಿಹರ ಕವಿಯ ರಗಳೆಯಲ್ಲಿ ಬಸವಣ್ಣನವರು ಕೂಡಲಸಂಗಮದಿಂದ ಮಂಗಳವಾಡಕ್ಕೆ ಬಂದು ಕರಣಿಕರ ನಡುವೆ ಕೂರುತ್ತಾರೆ. ಇವತ್ತಿನ ಮಂಗಳವೇಢೆ ಅದು, ನಮಗೆ ದೂರದ ಊರಲ್ಲ, ಗಡಿ ದಾಟಿದರೆ ಸೋಲಾಪುರ ಜಿಲ್ಲೆಯಲ್ಲಿ ಸಿಗುತ್ತದೆ. ಲೆಕ್ಕದ ಜಾಣ್ಮೆಯಿಂದಲೇ ಮೇಲೇರಿ ಮುಂದೆ ಕಳಚುರಿ ಬಿಜ್ಜಳನ ಭಂಡಾರಿಯಾದರು. ಒಂದು ರಾಜ್ಯದ ಗಲ್ಲೆಯ ಮೇಲೆ ಕೂತವರು.

ಕೊಂಡೆಯರು ಎಲ್ಲ ಕಾಲಕ್ಕೂ ಇದ್ದಾರೆ. ಭಂಡಾರದ ಹೊನ್ನನ್ನೆಲ್ಲ ಬಸವಣ್ಣ ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ದೊರೆಯ ಕಿವಿಗೆ ಹಾಕಿದರು. ಬಿಜ್ಜಳ ಲೆಕ್ಕ ಕೇಳಿದ. ಭಂಡಾರ ತೆರೆದು ಎಣಿಸಿದರು, ಒಂದು ಹೊನ್ನೂ ಕಡಿಮೆ ಬೀಳಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಪುರಾಣದವರು ಅದನ್ನು ಪವಾಡವಾಗಿ ಹೇಳಿದ್ದಾರೆ, ಭಕ್ತರು ಹಾಗೇ ಕೇಳಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಕಣ್ಣಿಗೆ ಬೀಳುವುದು ಬೇರೆ. ‘ನನ್ನಂಥವನ ಮೇಲೆ ಅನುಮಾನವೇ?’ ಎಂದು ಬಸವಣ್ಣನವರು ಮುನಿದು ಕೂರಲಿಲ್ಲ. ಎಣಿಕೆಗೆ ಬಾಗಿಲು ತೆರೆದರು. ಇನ್ನೊಬ್ಬರ ರೊಕ್ಕ ಕಾಯುವವನಿಗೆ ಲೆಕ್ಕ ಕೇಳಿದರೆ ಅವಮಾನ ಅಲ್ಲ, ಅದು ಅವನ ಕಾಯಕದ ಒಂದು ಭಾಗ. ಬಸವಣ್ಣನವರಿಗೇ ಆಗದ ಅವಮಾನ, ಮಂಡಾಳ ಒಗ್ಗರಣೆ ತಿಂದು ಚಿಲ್ಲರೆ ತಗೊಳ್ಳುವ ನಮಗೆ ನಿಮಗೆ ಹೇಗೆ ಆದೀತು?

ಎಣಿಕೆಯ ಹಂಗೇ ಬೇಡವೆಂದರೆ ಇನ್ನೊಂದು ದಾರಿಯೂ ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೀವೆಲ್ಲ ಕಂಡವರು, ಅವರ ಪ್ರವಚನ ಕೇಳಿದವರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಈ ಹಾದಿಯ ತುಂಬ ಜನ ನಡೆದು ಹೋದರು. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಬೇಡವೆಂದರು. ಜೇಬಿಲ್ಲದ ಅಂಗಿ ತೊಡುವ ಶಕ್ತಿ ಇದ್ದವರು ತೊಡಲಿ, ಅವರಿಗೆ ನನ್ನ ಶರಣು. ನಮ್ಮ ಅಂಗಿಗೆ ಜೇಬಿದೆ, ಕೆಲವರಿಗೆ ಮೂರು ಮೂರಿವೆ. ಜೇಬಿಟ್ಟುಕೊಂಡು ಸ್ವಾಮೀಜಿಯವರ ಹಾಗೆ ‘ರೊಕ್ಕದ ಲೆಕ್ಕ ಯಾಕ ಬಿಡ್ರಿ’ ಅನ್ನುವುದು ವೈರಾಗ್ಯ ಅಲ್ಲ, ಸೋಮಾರಿತನ.

ಇನ್ನೊಂದು ಮೋಸ ಇದೆ, ಅದಕ್ಕೆ ಸುರುಳಿಯೂ ಬೇಡ, ಬಾಯಿ ಒಂದಿದ್ದರೆ ಸಾಕು. ಇಪ್ಪತ್ತು ರೂಪಾಯಿ ಬಿಸ್ಕೀಟು ತಗೊಂಡು ಐದುನೂರರ ನೋಟು ಕೊಡುತ್ತಾನೆ. ನೀವು ನಾನೂರ ಎಂಬತ್ತು ಎಣಿಸಿ ಕೊಡುತ್ತೀರಿ. ಅವನು ಅದನ್ನು ಕೈಯಲ್ಲಿ ಹಿಡಿದೇ, “ಅಯ್ಯ, ಇಪ್ಪತ್ತು ಇಲ್ಲೇ ಐತಲ್ರೀ. ತಗೋರಿ ಇಪ್ಪತ್ತು, ನನ್ನ ಐದುನೂರು ಕೊಡ್ರಿ” ಎನ್ನುತ್ತಾನೆ. ಇಪ್ಪತ್ತರ ನೋಟು ನಿಮ್ಮ ಕೈಗೆ ಬಂತು, ಐದುನೂರು ಅವನ ಕೈಗೆ ಹೋಯಿತು. ಅಷ್ಟರಲ್ಲಿ ಅವನ ಜೊತೆಯವನು ಆ ಕಡೆಯಿಂದ ಸೋಪಿನ ರೇಟು ಕೇಳುತ್ತಾನೆ. ನೀವು ಅತ್ತ ತಿರುಗಿದಿರಿ. ನಾನೂರ ಎಂಬತ್ತು ಎಲ್ಲಿ? ಅದು ಅವನ ಎಡಗೈಯಲ್ಲೇ ಇತ್ತು, ಅವನ ಜೊತೆಯೇ ಹೋಯಿತು. ‘ಗಮನ ಬೇರೆಡೆ ಸೆಳೆದು’ ಎಂದು ಪೊಲೀಸರು ಬರೆದುಕೊಳ್ಳುವುದು ಇಂಥದ್ದನ್ನೇ. ಒಂದು ವ್ಯವಹಾರ ಮುಗಿದು ಗಲ್ಲೆಯ ಖಣ ಮುಚ್ಚುವ ತನಕ ಎರಡನೆಯದಕ್ಕೆ ಕೈ ಹಾಕಬಾರದು, ಎದುರಿಗೆ ದೇವರೇ ಬಂದು ಸೋಪು ಕೇಳಿದರೂ ‘ಸ್ವಲ್ಪ ತಡಿಯಪ್ಪಾ’ ಅನ್ನಬೇಕು. ಫೋನಿನಲ್ಲಿ ರೊಕ್ಕ ಹಾಕಿದೆ ಎಂದು ತನ್ನ ಪರದೆ ತೋರಿಸುವವನ ಮಾತೂ ಇದೇ. ಅವನ ಫೋನು ನೋಡಬೇಡಿ, ನಿಮ್ಮ ಫೋನು ನೋಡಿ.

ಈಗ ಅಂಗಡಿಯ ಮಾಲಕರಿಗೆ ಒಂದು ಮಾತು. ಇದಕ್ಕಾಗಿಯೇ ಇವತ್ತು ಈ ವಿಷಯ ಎತ್ತಿದ್ದು ಎಂದರೂ ಆದೀತು.

ಗಲ್ಲೆಯ ಮೇಲೆ ಯಾವಾಗಲೂ ಮಾಲಕರೇ ಕೂತಿರುವುದಿಲ್ಲ. ಮಧ್ಯಾಹ್ನ ಊಟಕ್ಕೆ ಹೋದಾಗ, ಮದುವೆಗೆ ಹೋದಾಗ, ಸಂಜೆ ಕೈ ಸಾಲದಾಗ ಕೂರುವವನು ಸಂಬಳದ ಹುಡುಗ. ಪಿಯುಸಿ ಅರ್ಧಕ್ಕೆ ಬಿಟ್ಟವನು, ಇಲ್ಲವೇ ಕಾಲೇಜಿನ ಫೀಗೆ ಅಂತ ಸಂಜೆ ದುಡಿಯುವ ಹುಡುಗಿ. ರಾತ್ರಿ ಗಲ್ಲೆ ಎಣಿಸಿದಾಗ ಇನ್ನೂರು ಕಡಿಮೆ. ಮಾಲಕರು ಏನೂ ಬೈಯುವುದಿಲ್ಲ, ಶಾಂತವಾಗಿ ಪುಸ್ತಕ ತೆಗೆದು ಅವನ ಹೆಸರಿನ ಮುಂದೆ ಬರೆಯುತ್ತಾರೆ. ತಿಂಗಳ ಕೊನೆಗೆ ಕಡಿತ. ಅವನಿಗೆ ಅದು ಒಂದು ದಿನದ ಕೂಲಿಗೆ ಹತ್ತಿರ. ಅದಕ್ಕಿಂತ ಹೆಚ್ಚಿಗೆ ಒಂದು ಅನುಮಾನವೂ ಅವನ ಹೆಸರಿನ ಮುಂದೆ ಕೂತುಬಿಡುತ್ತದೆ: ‘ಇವನೇ ಇಸಗೊಂಡಿರಬೇಕು.’ ಮೋಸ ಮಾಡಿದವನು ಬೈಕಿನ ಮೇಲೆ ಹೋದ. ಮೋಸ ಹೋದವನು ಇಲ್ಲಿ ಕಳ್ಳನಾದ.

ದಂಡ ಯಾರಿಗೆ ಬೀಳಬೇಕು? ನಮ್ಮ ನ್ಯಾಯದ ತಕ್ಕಡಿ ಇಲ್ಲಿ ವಿಚಿತ್ರ. ಅಂಗಡಿಯ ಲಾಭದಲ್ಲಿ ಆ ಹುಡುಗನಿಗೆ ಪಾಲಿಲ್ಲ. ಶಿವರಾತ್ರಿಯ ದಿನ ದುಪ್ಪಟ್ಟು ಗಿರಾಕಿ ಆದರೆ ಅವನ ಸಂಬಳ ದುಪ್ಪಟ್ಟು ಆಗುವುದಿಲ್ಲ. ನಷ್ಟಕ್ಕೆ ಮಾತ್ರ ಅವನು ಪಾಲುದಾರ. ಇದು ಯಾವ ಶರಣಧರ್ಮ? 1936ರಷ್ಟು ಹಿಂದೆ ಬ್ರಿಟಿಷರ ಕಾಲದಲ್ಲಿ ಬಂದ ವೇತನ ಪಾವತಿ ಕಾಯ್ದೆ ಕೂಡ ಈ ವಿಷಯದಲ್ಲಿ ನಮಗಿಂತ ಮೆತ್ತಗಿತ್ತು. ಕೆಲಸಗಾರನ ಕೈಯಲ್ಲಿದ್ದ ರೊಕ್ಕ ಕಳೆದರೆ ಅದು ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಕಡಿತ, ಅದಕ್ಕೂ ಮೊದಲು ಅವನ ಮಾತು ಕೇಳಬೇಕು ಎಂದು ಅದರಲ್ಲಿ ಬರೆದಿತ್ತು. ಆ ಕಾಯ್ದೆ ನಿಮ್ಮ ಅಂಗಡಿಗೆ ತಾಗಲಿ ಬಿಡಲಿ, ಅವನ ಮಾತು ಒಂದು ಸಲ ಕೇಳಲಿಕ್ಕೆ ಕಾಯ್ದೆ ಬೇಕೇ?

ಎಣಿಸಲು ಪುರುಸೊತ್ತು ಕೊಡದವರು ನಾವೇ ಎಂಬುದನ್ನೂ ನೋಡಿ. ಗಲ್ಲೆಯ ಮೇಲೆ ಒಬ್ಬನನ್ನೇ ಕೂರಿಸಿ, ಅವನೇ ಸಾಮಾನು ಕೊಡಬೇಕು, ಅವನೇ ತೂಗಬೇಕು, ಅವನೇ ರೊಕ್ಕ ತಗೊಳ್ಳಬೇಕು ಅನ್ನುತ್ತೇವೆ. ಅವನು ಸುರುಳಿ ಬಿಚ್ಚಿ ಎಣಿಸಲು ಶುರು ಮಾಡಿದರೆ ಸಾಲಿನಲ್ಲಿ ನಿಂತ ನಾವು “ಲಗೂನ ಕೊಡೋ ತಮ್ಮಾ, ಬಸ್ಸಿಗೆ ಹೊತ್ತಾತು” ಎಂದು ಕೂಗುತ್ತೇವೆ. ಆ ಕೂಗು ಇದೆಯಲ್ಲ, ಮೋಸಗಾರ ಕಾಯುತ್ತಿರುವುದು ಅದಕ್ಕೇ. ಬೈಕಿನವನಿಗೆ ಜೊತೆಗಾರರು ಬೇರೆ ಬೇಕಿಲ್ಲ, ಸಾಲಿನಲ್ಲಿರುವ ನಾವೇ ಸಾಕು.

ಮೋಸದ ಇನ್ನೊಂದು ಕೂಸಿದೆ. ಒಂದು ಸಲ ಸುಟ್ಟುಕೊಂಡ ಅಂಗಡಿಯವರು ಮುಂದೆ ಯಾರ ಚಿಲ್ಲರೆಯನ್ನೂ ಮುಟ್ಟುವುದಿಲ್ಲ. ನಿಂಬೆಹಣ್ಣು ಮಾರಿ ಬಂದ ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಣ್ಯ ಕೊಟ್ಟರೂ “ನೋಟು ಕೊಡು ಆಯಿ” ಅನ್ನುತ್ತಾರೆ. ಹತ್ತು ರೂಪಾಯಿ ನಾಣ್ಯದ್ದು ನಿಮಗೆ ನೆನಪಿರಬೇಕು. ರೂಪಾಯಿ ಚಿಹ್ನೆ ಇದ್ದದ್ದು ಅಸಲಿ, ಇಲ್ಲದ್ದು ನಕಲಿ ಎಂದು ಯಾರೋ ಹಬ್ಬಿಸಿದರು. 2016ರಲ್ಲಿ ದೆಹಲಿಯ ಪೊಲೀಸರು ನಕಲಿ ನಾಣ್ಯದ ಕಾರ್ಖಾನೆಯೊಂದನ್ನು ಹಿಡಿದಿದ್ದೂ ನಿಜ, ಸುದ್ದಿಗೆ ಅಷ್ಟು ಸಾಕಾಯಿತು. ನಮ್ಮ ಕಡೆಯ ಅಂಗಡಿಗಳು ಅಸಲಿ ಹತ್ತನ್ನೂ ತಗೊಳ್ಳುವುದು ಬಿಟ್ಟವು. ಹತ್ತರ ನಾಣ್ಯ ಆಗ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಾಲ್ತಿಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ತಿಳಿಸಿದರೂ ‘ಇಲ್ಲಿ ನಡೆಯಂಗಿಲ್ರಿ’ ಎನ್ನುವ ಮಾತು ನಿಲ್ಲಲಿಲ್ಲ. ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ನಾಣ್ಯಗಳನ್ನು ಸಾವಿರ ರೂಪಾಯಿಯ ತನಕ ಕೊಡಬಹುದು, ಅದು ಕಾನೂನುಬದ್ಧ ಹಣ ಎಂದು 2011ರ ನಾಣ್ಯ ಕಾಯ್ದೆಯೇ ಹೇಳುತ್ತದೆ. ನಾಣ್ಯ ಬೇಡ ಅನ್ನುವುದರಿಂದ ಮೋಸಗಾರನಿಗೆ ಏನೂ ಆಗುವುದಿಲ್ಲ, ಅವನು ನಾಳೆ ಬೇರೆ ವೇಷದಲ್ಲಿ ಬರುತ್ತಾನೆ. ಬರಿಗೈಲಿ ಮನೆಗೆ ಹೋಗುವವಳು ಅಜ್ಜಿ. ಎಣಿಸುವ ಶ್ರಮ ತಪ್ಪಿಸಿಕೊಳ್ಳಲಿಕ್ಕೆ ಬಡವರ ಕೈಯಲ್ಲಿರುವ ರೊಕ್ಕವನ್ನು ರೊಕ್ಕವೇ ಅಲ್ಲ ಎಂದು ತಳ್ಳಿಬಿಟ್ಟಂತಾಯಿತು.

ಇಷ್ಟು ಹೊತ್ತು ಬೈಕಿನವನನ್ನು ಬೈದಿದ್ದಾಯಿತು, ಸಭೆಗೆ ಸಂತೋಷವೂ ಆಯಿತು. ಈಗ ಸ್ವಲ್ಪ ನಮ್ಮ ಕಡೆ ತಿರುಗೋಣ. ಅಂಗಡಿಯ ಹುಡುಗ ಗಡಿಬಿಡಿಯಲ್ಲಿ ಐವತ್ತರ ಬದಲು ನೂರು ಕೊಟ್ಟ. ನಮಗೆ ಗೊತ್ತಾಯಿತು. ಏನು ಮಾಡಿದೆವು? ‘ಬಸವಣ್ಣ ಕೊಟ್ಟ’ ಎಂದು ಕಿಸೆಗೆ ಹಾಕಿಕೊಂಡೆವು. ಬೈಕಿನವನು ಬುದ್ಧಿ ಖರ್ಚು ಮಾಡಿ ತಗೊಂಡ, ನಾವು ಬಾಯಿ ಮುಚ್ಚಿಕೊಂಡು ತಗೊಂಡೆವು. ಸಂಬಳದಲ್ಲಿ ಕಡಿತ ಎರಡಕ್ಕೂ ಒಂದೇ ಹುಡುಗನಿಗೆ. ಅಂಗಡಿಯವರೂ ಕಡಿಮೆಯಿಲ್ಲ. ಚಿಲ್ಲರೆ ಇಲ್ಲವೆಂದು ಬೇಡದ ಚಾಕಲೇಟು ಕೈಗಿಡುತ್ತಾರೆ. ಅದೇ ಚಾಕಲೇಟು ನಾಲ್ಕು ತಿರುಗಿ ಕೊಟ್ಟು ಬೆಂಕಿಪೊಟ್ಟಣ ಕೇಳಿ ನೋಡಿ, ತಗೊಳ್ಳುತ್ತಾರೇನು?

ಇನ್ನು ದೇವರ ಹುಂಡಿ. ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆ ನಿಂತಿತು. ಹುಂಡಿಯಲ್ಲಿ ಮಾತ್ರ ಅದು ಇನ್ನೂ ನಿವೃತ್ತಿ ಆಗಿಲ್ಲ. ಹರಿದ ನೋಟು, ಬಣ್ಣ ಹತ್ತಿದ ನೋಟು, ಎಲ್ಲಿಯೂ ನಡೆಯದ್ದೆಲ್ಲ ದೇವರಿಗೆ ನಡೆಯುತ್ತದೆ. ಅವನು ಮುಲಾಜಿಗೆ ಬಿದ್ದು ಎಣಿಸುವುದಿಲ್ಲ ಎಂದು ನಾವು ತಿಳಿದಿದ್ದೇವೆ.

ಎಲ್ಲರೂ ಹೀಗೇ ಇರಲಿಲ್ಲ. ನಮ್ಮ ಜಿಲ್ಲೆಯ ಶಿವಣಗಿಯವರು ನುಲಿಯ ಚಂದಯ್ಯ. ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ಮಾಡಿದ ಶರಣರು. ಅವರ ಕಥೆ ನೀವು ಕೇಳಿದ್ದೀರಿ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿತ್ತು, ಚಂದಯ್ಯ ಕಾಯಕ ಬಿಡಲಿಲ್ಲ, ಲಿಂಗವೇ ಹಿಂದೆ ಬಂತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಹೇಳಿದ ಮೇಲೆ, ಲಿಂಗವೂ ಕಾಯಕ ಮಾಡಬೇಕೆಂದು ಹಗ್ಗ ಮಾರಲು ಕಳಿಸಿದರು ಎನ್ನುತ್ತಾರೆ. ಲಿಂಗ ಹಗ್ಗ ಹೊತ್ತು ಬಸವಣ್ಣನವರ ಬಾಗಿಲಿಗೆ ಹೋಯಿತು. ಬಸವಣ್ಣನವರು ಭಕ್ತಿಯಿಂದ ಹಗ್ಗದ ಬೆಲೆಗೆ ಮೀರಿದ ಹೊನ್ನು ಕೊಟ್ಟರು. ಚಂದಯ್ಯ ಒಪ್ಪಲಿಲ್ಲ. ಹಗ್ಗಕ್ಕೆ ಎಷ್ಟೋ ಅಷ್ಟು, ಉಳಿದದ್ದು ನನ್ನದಲ್ಲ ಎಂದು ತಿರುಗಿ ಕಳಿಸಿದರು. ಕೊಟ್ಟವರು ಬಸವಣ್ಣ, ತಂದದ್ದು ಸಾಕ್ಷಾತ್ ಲಿಂಗ, ಕೊಟ್ಟದ್ದು ಪ್ರೀತಿಯಿಂದ. ಆದರೂ ಎಣಿಸಿದರು, ಹೆಚ್ಚಾದದ್ದನ್ನು ಮರಳಿಸಿದರು. ಕಡಿಮೆ ಬಿದ್ದಾಗ ಎಣಿಸುವವರು ಎಲ್ಲ ಊರಿನಲ್ಲೂ ಇದ್ದಾರೆ. ಹೆಚ್ಚು ಬಂದಿದೆಯೇ ಎಂದು ಎಣಿಸುವವರು ಶಿವಣಗಿಯಲ್ಲೊಬ್ಬರಿದ್ದರು.

ಮೋಸಗಾರ ಕೈಗೆ ಸಿಕ್ಕರೆ ಏನು ಮಾಡುವುದು? ಇದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹಾದಿಯ ಊರುಗಳಲ್ಲಿ ಕೈ ಬೇಗ ಏಳುತ್ತದೆ. ಸಿಕ್ಕವನನ್ನು ಲೈಟಿನ ಕಂಬಕ್ಕೆ ಕಟ್ಟಿ, ಹತ್ತು ಮಂದಿ ಹೊಡೆದು, ಹನ್ನೊಂದನೆಯವನು ವಿಡಿಯೋ ಮಾಡುತ್ತಾನೆ. ಇನ್ನೂರು ರೂಪಾಯಿಗೆ ಒಬ್ಬನ ಜೀವ ಹೋದರೆ ಊರಿಗೆ ಊರೇ ಕೋರ್ಟು ಅಲೆಯಬೇಕು. ಕೋರ್ಟಿನ ಮಾತು ಬಿಡಿ, ಆ ಪಾಪ ಎಲ್ಲಿ ತೊಳೆಯುವುದು? 112ಕ್ಕೆ ಫೋನ್ ಮಾಡಿ, ಗಾಡಿ ನಂಬರ್ ಬರೆದಿಡಿ, ಪೊಲೀಸರ ಕೈಗೆ ಒಪ್ಪಿಸಿ. ಊರ ಬಾಯಲ್ಲಿ ಮೋಸಗಾರ ಇನ್ನೂ ಫೋರ್ ಟ್ವೆಂಟಿಯೇ, ಆದರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯ ಕಲಮು 318. ನಂಬರ್ ಬದಲಾಗಿದೆ, ಠಾಣೆ ಅಲ್ಲೇ ಇದೆ. ಶರಣರ ನಡುವೆ ಕನ್ನದ ಮಾರಿತಂದೆ ಎಂಬುವರಿದ್ದರು. ಕನ್ನ ಕೊರೆಯುತ್ತಿದ್ದವರು. ಅವರಿಗೂ ಅಲ್ಲಿ ಕೂರಲು ಜಾಗ ಸಿಕ್ಕಿತು, ಅವರ ವಚನಗಳನ್ನೂ ಶರಣರು ಉಳಿಸಿಕೊಂಡು ಬಂದರು. ಕಂಬಕ್ಕೆ ಕಟ್ಟಿ ಹೊಡೆದಿದ್ದರೆ ಮಾರಿತಂದೆ ಕಳ್ಳನಾಗಿಯೇ ಸಾಯುತ್ತಿದ್ದರು.

ಗುಡಿಯ ಕಮಿಟಿಯವರಿಗೆ ನನ್ನದೊಂದು ಬಿನ್ನಹ ಇದೆ, ಅವರ ಜೊತೆ ಮಾತೂ ಆಡಿದ್ದೇನೆ. ಗುಡಿಯ ಹುಂಡಿ ತೆರೆದಾಗ ರಾಶಿ ಚಿಲ್ಲರೆ ಬರುತ್ತದೆ. ಅದನ್ನು ಬ್ಯಾಂಕಿಗೆ ಒಯ್ಯಲು ಒಂದು ಟಂಟಂ ಬೇಕು. ಇತ್ತ ಅಂಗಡಿಯವರು ಚಿಲ್ಲರೆ ಇಲ್ಲದೆ ಬೈಕಿನವರ ಬಲೆಗೆ ಬೀಳುತ್ತಾರೆ. ಇನ್ನು ಮುಂದೆ ಎಣಿಕೆಯ ದಿನ ಅಂಗಡಿಯವರು ನೋಟು ತಂದು ಇಲ್ಲಿಂದಲೇ ಚಿಲ್ಲರೆ ಒಯ್ಯಲಿ. ಒಂದು ರೂಪಾಯಿಗೂ ಕಮಿಷನ್ ಬೇಡ. ಸುರುಳಿ ಸುತ್ತುವುದು ಬೇಡ, ಒಳಗಿನದೆಲ್ಲ ಕಾಣುವಂಥ ಪ್ಲಾಸ್ಟಿಕ್ ಚೀಲದಲ್ಲಿ ನೂರು ನೂರು ಹಾಕಿ. ಹೆಬ್ಬೆರಳಿನ ಒಂದು ರೂಪಾಯಿಗಳನ್ನು ಬೇರೆ ಬುಟ್ಟಿಗೆ ಆರಿಸಿ. ಎಣಿಸುವ ಕೆಲಸಕ್ಕೆ ಹಿರಿಯರು ಬೇಡ, ನಮ್ಮ ಕಣ್ಣು ಮಂಜು. ಅಂಗಡಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರನ್ನು ಕರೆದು ಕೂರಿಸಿ, ಮಾಲಕರು ಆ ಹೊತ್ತಿನ ಸಂಬಳ ಕಡಿಯದೆ ಅವರನ್ನು ಕಳಿಸಲಿ. ಮಧ್ಯಾಹ್ನದ ಪ್ರಸಾದ ಅವರಿಗೆ ಮೊದಲ ಪಂಕ್ತಿಯಲ್ಲಿ. ಒಯ್ಯುವವರು ಎಣಿಸಿಯೇ ಒಯ್ಯಬೇಕು, ಕೊಡುವವರು ಸ್ವಾಮಿಗಳೇ ಆಗಿದ್ದರೂ.